ಮದುವೆ ನಮೂದು ಸಿಗಲಿಲ್ಲ ಅಂದ್ರೆ ಮದುವೆಯೇ ಆಗಿಲ್ಲವಾ?

ಪ್ರಶ್ನೆ: ಇಂಗ್ಲೆಂಡಿನ ಒಂದು ಹಳ್ಳಿಯ ಚರ್ಚ್ ರಿಜಿಸ್ಟರ್‌ಗಳನ್ನು ಓದುತ್ತಿದ್ದೇನೆ. 1760ರ ದಶಕದ ಒಂದು ಜೋಡಿಯ ನಾಲ್ಕು ಮಕ್ಕಳ ಬ್ಯಾಪ್ಟಿಸಂ (ಚರ್ಚಿನಲ್ಲಿ ಮಾಡುವ ದೀಕ್ಷಾಸ್ನಾನ) ಬರೆದಿದ್ದಾರೆ, ಮದುವೆ ಮಾತ್ರ ಎಲ್ಲೂ ಇಲ್ಲ. ಇವರು ಮದುವೆಯಾಗದೆ ಸುಮ್ನೆ ಒಟ್ಟಿಗಿದ್ದರು ಅಂತ ಬರೆಯಬಹುದಾ?

ಉತ್ತರ: ದಯವಿಟ್ಟು ಈಗಲೇ ಬರೆಯಬೇಡಿ. ಈ ಅವಸರದಿಂದಲೇ ಆ ಕಾಲದ ಜನರ ಬಗ್ಗೆ ಎಷ್ಟೋ ತಪ್ಪು ಕಥೆಗಳು ಹುಟ್ಟಿವೆ. ಮೊದಲು ಬ್ಯಾಪ್ಟಿಸಂ ಸಾಲನ್ನೇ ಇನ್ನೊಮ್ಮೆ ನೋಡಿ. ಮದುವೆಯಾಗದ ತಾಯಿಯ ಮಗುವಾದರೆ ಪಾದ್ರಿಗಳು ಸಾಮಾನ್ಯವಾಗಿ ತಾಯಿಯ ಹೆಸರನ್ನಷ್ಟೇ ಬರೆದು, ಪಕ್ಕದಲ್ಲಿ 'ಬೇಸ್ ಬಾರ್ನ್' ಅಂತಲೋ 'ಬಾಸ್ಟರ್ಡ್' ಅಂತಲೋ, ಅಂದ್ರೆ ಮದುವೆಯಿಲ್ಲದೆ ಹುಟ್ಟಿದ ಮಗು ಅಂತ, ಸೇರಿಸುತ್ತಿದ್ದರು, ಓದೋಕೇ ಸಂಕಟವಾಗುತ್ತೆ. ನಾಲ್ಕು ಸಲವೂ 'ಇಂಥವನ ಮತ್ತು ಅವನ ಹೆಂಡತಿಯ ಮಗು' ಅಂತಿದ್ದರೆ, ಪಾದ್ರಿಯ ಕಣ್ಣಲ್ಲಿ ಅವರು ಗಂಡ ಹೆಂಡತಿಯೇ.

ಹಾಗಾದ್ರೆ ಮದುವೆ ಎಲ್ಲಿ ಹೋಯ್ತು? ಬಹುಶಃ ಪಕ್ಕದ ಊರಲ್ಲಿದೆ. ಎಷ್ಟೋ ಮದುವೆಗಳು ಹೆಣ್ಣಿನ ಊರಿನ ಚರ್ಚಿನಲ್ಲೇ ನಡೆಯುತ್ತಿದ್ದವು. 1754ರ ಮಾರ್ಚ್ 25ರಿಂದ ಜಾರಿಗೆ ಬಂದ ಹಾರ್ಡ್‌ವಿಕ್ ಮದುವೆ ಕಾಯ್ದೆ ಪ್ರಕಾರ ಮದುವೆಗೆ ಲೈಸೆನ್ಸ್ (ಅನುಮತಿ ಪತ್ರ) ಪಡೆಯದವರ ಹೆಸರನ್ನು ಮೂರು ಭಾನುವಾರ ಚರ್ಚಿನಲ್ಲಿ ಕೂಗಿ ಹೇಳಬೇಕಿತ್ತು, ಇದಕ್ಕೆ ಬ್ಯಾನ್ಸ್ ಅಂತಾರೆ. ಇಬ್ಬರ ಊರು ಬೇರೆಯಾದರೆ ಎರಡೂ ಕಡೆ ಕೂಗಬೇಕು, ಹಾಗಾಗಿ ಗಂಡಿನ ಊರಿನ ಬ್ಯಾನ್ಸ್ ಪುಸ್ತಕ ಉಳಿದಿದ್ದರೆ ಹೆಣ್ಣಿನ ಊರು ಯಾವುದು ಅಂತ ಅಲ್ಲೇ ಸಿಗಬಹುದು. ನಾನಾದರೆ ಮೊದಲು ಅದನ್ನೇ ತೆರೆಯುತ್ತೇನೆ.

ಕ್ವೇಕರ್‌ಗಳು (ಒಂದು ಕ್ರೈಸ್ತ ಪಂಗಡದವರು), ಯಹೂದಿಗಳು ಈ ಕಾಯ್ದೆಯ ಹೊರಗಿದ್ದರು. ಕೆಲವರು ಈ ಕಾಯ್ದೆ ಅನ್ವಯಿಸದ ಸ್ಕಾಟ್ಲೆಂಡ್‌ಗೆ ಓಡಿಹೋಗಿ ಗಡಿಯ ಹಳ್ಳಿ ಗ್ರೆಟ್ನಾ ಗ್ರೀನ್‌ನಲ್ಲಿ ಮದುವೆಯಾಗುತ್ತಿದ್ದರು. ಅದನ್ನೂ ನೋಡಿ. ಅಷ್ಟಾದರೂ ಸಿಗದಿದ್ದರೆ 'ಮದುವೆ ನಮೂದು ಸಿಕ್ಕಿಲ್ಲ' ಅಂತ ಬರೆಯಿರಿ. ಅದಕ್ಕಿಂತ ಜಾಸ್ತಿ ಬೇಡ.