ಸಂಪಾದಕರ ಉತ್ತರ: ಸ್ವಾತಂತ್ರ್ಯದ ಪಾಠಕ್ಕೆ ಒಂದೇ ಪಿರಿಯಡ್ಡೇ?

ಗಂಗಾವತಿಯ ಎಂ.ಎ. ವಿದ್ಯಾರ್ಥಿನಿಯೊಬ್ಬರ ಪತ್ರ ಬಂದಿದೆ. ಅವರ ರಾಜ್ಯಶಾಸ್ತ್ರದ ತರಗತಿಯಲ್ಲಿ ಮಾರ್ಕ್ಸ್‌ನಿಗೆ ತಿಂಗಳುಗಟ್ಟಲೆ ಪಾಠ ನಡೆದರೆ, ಮುಕ್ತ ಮಾರುಕಟ್ಟೆಯ ಪರ ವಾದಿಸಿದ ಅರ್ಥಶಾಸ್ತ್ರಜ್ಞ ಹಯೆಕ್‌ನನ್ನು ‘ಸಾಹುಕಾರರ ಸಿದ್ಧಾಂತಿ’ ಎಂದು ಒಂದೇ ಪಿರಿಯಡ್ಡಿನಲ್ಲಿ ಮುಗಿಸಿದರಂತೆ. ಬಡ ಒಕ್ಕಲು ಮನೆಯಿಂದ ಬಂದ ತಾವು ಇಂಥವರನ್ನು ಓದಬೇಕೇ ಎಂದು ಕೇಳಿದ್ದಾರೆ.

ಓದಲೇಬೇಕು, ತಂಗೀ. ತುಂಗಭದ್ರೆಗೆ ಅಣೆಕಟ್ಟು ಕಟ್ಟಿದ್ದು ಸರ್ಕಾರವೇ, ಗೇಣಿದಾರನನ್ನು ಭೂಮಿಯ ಒಡೆಯನನ್ನಾಗಿ ಮಾಡಿದ್ದೂ ಕಾನೂನೇ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಸರ್ಕಾರದ ಕಾಲದಲ್ಲಿ, ಕಾರಟಗಿಯಿಂದ ಬೀಗರ ಮನೆಗೆಂದು ನಾಲ್ಕು ಚೀಲ ಭತ್ತ ಒಯ್ಯುತ್ತಿದ್ದ ನಮ್ಮ ತಂದೆಯವರ ಬಂಡಿಯನ್ನು ಚೆಕ್‌ಪೋಸ್ಟಿನಲ್ಲಿ ತಡೆದು, ಪರ್ಮಿಟ್ ಇಲ್ಲವೆಂದು ಸಂಜೆಯವರೆಗೆ ನಿಲ್ಲಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಾನೇ ಬೆಳೆದ ಬೆಳೆಗೆ ಪರರ ಸಹಿ ಬೇಕಾಗುವ ಈ ವ್ಯವಸ್ಥೆಯನ್ನೇ ರಾಜಾಜಿಯವರು ಲೈಸೆನ್ಸ್-ಪರ್ಮಿಟ್ ರಾಜ್ ಎಂದು ಕರೆದದ್ದು. 1959ರಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನ ರೈತರ ಜಮೀನುಗಳನ್ನು ಒಟ್ಟುಗೂಡಿಸುವ ಸಹಕಾರಿ ಬೇಸಾಯದ ಠರಾವು ಮಾಡಿದಾಗ ಅದನ್ನು ವಿರೋಧಿಸಿ ರಾಜಾಜಿಯವರ ಸ್ವತಂತ್ರ ಪಕ್ಷ ಹುಟ್ಟಿತು. ಅದರಲ್ಲಿ ರಾಜಮಹಾರಾಜರೂ ಉದ್ಯಮಿಗಳೂ ಇದ್ದರು, ನಿಜ. ಆದರೆ ಅಧ್ಯಕ್ಷರಾಗಿದ್ದ ಎನ್.ಜಿ. ರಂಗಾ ರೈತ ಚಳವಳಿಯಲ್ಲೇ ಬೆಳೆದವರು. 1967ರಲ್ಲಿ ಲೋಕಸಭೆಯ 44 ಸ್ಥಾನ ಗೆದ್ದು ಅತಿದೊಡ್ಡ ವಿರೋಧ ಪಕ್ಷವಾದ ಇದಕ್ಕೆ ನಿಮ್ಮ ಪಠ್ಯದಲ್ಲಿ ಎಷ್ಟು ಸಾಲುಗಳಿವೆ? ಎರಡನೆಯ ಪಂಚವಾರ್ಷಿಕ ಯೋಜನೆಯ ಅರ್ಥಶಾಸ್ತ್ರಜ್ಞರ ಮಂಡಲಿಯಲ್ಲಿ 1955ರಲ್ಲಿ ಒಬ್ಬಂಟಿಯಾಗಿ ಭಿನ್ನಮತ ಬರೆದಿಟ್ಟ ಬಿ.ಆರ್. ಶೆಣೈಯವರ ಹೆಸರಾದರೂ ಇದೆಯೇ?

ಬಳ್ಳಾರಿಯ ಗಣಿ ಲೂಟಿಯೇ ಮುಕ್ತ ಮಾರುಕಟ್ಟೆಯ ಫಲವೆಂದು ಅಧ್ಯಾಪಕರು ವಾದಿಸಿದರೆಂದೂ ಬರೆದಿದ್ದೀರಿ. 2011ರ ಲೋಕಾಯುಕ್ತ ವರದಿಯನ್ನು ಅವರು ಮತ್ತೊಮ್ಮೆ ತೆರೆದು ನೋಡಲಿ: ಅಲ್ಲಿ ಕಾಣುವುದು ಅಧಿಕಾರಿ, ರಾಜಕಾರಣಿ, ಗುತ್ತಿಗೆದಾರರ ಒಳಒಪ್ಪಂದವೇ ಹೊರತು ಪೈಪೋಟಿಯಲ್ಲ. ವ್ಯಾಪಾರಿಗಳು ಒಟ್ಟಿಗೆ ಕೂತರೆ ಜನರ ವಿರುದ್ಧ ಪಿತೂರಿಯೇ ಹುಟ್ಟುತ್ತದೆಂದು 1776ರಲ್ಲೇ ಎಚ್ಚರಿಸಿದವನು ಮುಕ್ತ ಮಾರುಕಟ್ಟೆಯ ಮೂಲ ಚಿಂತಕ ಆಡಂ ಸ್ಮಿತ್. ಅವನನ್ನು ಸಾಹುಕಾರರ ಪಕ್ಷಪಾತಿ ಎನ್ನುವವರು ಅವನನ್ನು ಓದಿದಂತಿಲ್ಲ.

ಪಕ್ಷಗಳನ್ನೂ ನಾನು ಬಿಡುವುದಿಲ್ಲ. ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದದ್ದು 1978ರ 44ನೇ ತಿದ್ದುಪಡಿ, ತುರ್ತುಪರಿಸ್ಥಿತಿಯನ್ನು ಎದುರಿಸಿ ಗೆದ್ದು ಬಂದ ಜನತಾ ಸರ್ಕಾರದ್ದು! ಆ ಹಕ್ಕು ಯಾರಿಗೆ ಬೇಕಿತ್ತೆಂದು, ಉಕ್ಕಿನ ಕಾರ್ಖಾನೆಗೆಂದು ಜಮೀನು ಕೊಟ್ಟು ಪರಿಹಾರಕ್ಕಾಗಿ ಧರಣಿ ಕೂತ ಬಳ್ಳಾರಿ ಬಳಿಯ ಕುಡತಿನಿಯ ರೈತರನ್ನು ಕೇಳಬೇಕು.

ನಿಮ್ಮ ಕಾಲೇಜಿನ ಗ್ರಂಥಾಲಯದ ಕಪಾಟುಗಳಲ್ಲಿ ಪರೀಕ್ಷೆಯ ಗೈಡುಗಳೇ ತುಂಬಿವೆ ಎಂದಿದ್ದೀರಿ. ಹಯೆಕ್‌ನ 1944ರ ‘ದ ರೋಡ್ ಟು ಸರ್ಫ್‌ಡಮ್’ ನಮ್ಮ ಕಚೇರಿಯಲ್ಲಿದೆ, ಬಂದು ಒಯ್ಯಿರಿ. ಒಪ್ಪದಿದ್ದರೆ ಕಾರಣ ಸಹಿತ ಬರೆಯಿರಿ, ಅಚ್ಚು ಹಾಕುತ್ತೇವೆ.