ಕಣ್ಣಿಗೆ ಕಟ್ಟದ ಕಥೆ

(ತೀರ್ಥಹಳ್ಳಿಯ ನಿವೃತ್ತ ಶಿಕ್ಷಕಿಯೊಬ್ಬರ ಪತ್ರದ ಸಾರ: ನಲವತ್ತು ವರ್ಷಗಳಿಂದ ಕಥೆ, ಕಾದಂಬರಿ ಓದುತ್ತ ಬಂದಿದ್ದೇನೆ. ಓದುವಾಗ ಮನೆ, ಮುಖ, ಮಳೆ ಎಲ್ಲವೂ ತನಗೆ ಕಾಣಿಸುತ್ತವೆ ಎಂದು ಮೊನ್ನೆ ಮೊಮ್ಮಗಳು ಹೇಳಿದಾಗಲೇ ನನಗೆ ಏನೂ ಕಾಣಿಸುವುದಿಲ್ಲವೆಂಬುದು ಗೊತ್ತಾದದ್ದು. 'ಕಣ್ಣಿಗೆ ಕಟ್ಟುವಂತೆ' ಎಂಬುದನ್ನು ಬರೀ ಮಾತಿನ ರೂಢಿ ಎಂದುಕೊಂಡಿದ್ದೆ. ಹಾಗಾದರೆ ನಾನು ಇಷ್ಟು ದಿನ ಓದಿದ್ದು ಓದೇ? ತರಗತಿಯಲ್ಲಿ ಮಕ್ಕಳಿಗೆ 'ಕಣ್ಣು ಮುಚ್ಚಿ ಚಿತ್ರಿಸಿಕೊಳ್ಳಿ' ಎನ್ನುತ್ತಿದ್ದುದು ತಪ್ಪೇ? ಕಥೆಗಳಿಗೆ ಚಿತ್ರ ಹಾಕುವುದನ್ನು ನೀವು ಕಡಿಮೆ ಮಾಡಿದ್ದೇಕೆ?)

ಮಾನ್ಯರೇ,

ನಿಮ್ಮ ಪತ್ರ ಬಂದ ದಿನ ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ತೆಗೆದು ಪುಸ್ತಕ ವಿಮರ್ಶೆಯ ಪುಟಗಳನ್ನಷ್ಟೇ ತಿರುವಿ ಹಾಕಿದೆ. 'ಕಣ್ಣಿಗೆ ಕಟ್ಟುವಂತೆ ಚಿತ್ರಿಸಿದ್ದಾರೆ' ಎಂಬ ಮಾತು ಇಲ್ಲದ ಸಂಚಿಕೆಯನ್ನು ಹುಡುಕಬೇಕಾಯಿತು. ಆ ವಿಮರ್ಶೆಗಳಲ್ಲಿ ಕೆಲವು ನಾನೇ ಬರೆದವು. ಕಥೆಯೊಂದು ಗೆದ್ದಿತು ಎನ್ನಲು ಬೇರೆ ಅಳತೆಗೋಲೇ ಇಲ್ಲವೆಂಬಂತೆ ನಾವು ಬರೆಯುತ್ತ ಬಂದಿದ್ದರಿಂದಲೇ ನಿಮಗೆ ಈ ಅನುಮಾನ ಹುಟ್ಟಿದೆ. ಆದ್ದರಿಂದ ಈ ಉತ್ತರದಲ್ಲಿ ನಮ್ಮ ತಪ್ಪೊಪ್ಪಿಗೆಯೂ ಸೇರಿದೆ.

ಆ ಮಾತನ್ನು ಬರೀ ರೂಢಿಯೆಂದು ತಿಳಿದವರಲ್ಲಿ ನೀವು ಮೊದಲಿಗರಲ್ಲ. 1880ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಒಂದು ಪ್ರಶ್ನಾವಳಿಯ ಫಲಿತಾಂಶವನ್ನು ಪ್ರಕಟಿಸಿದರು. ಬೆಳಿಗ್ಗೆ ತಿಂಡಿಗೆ ಕುಳಿತಿದ್ದ ಮೇಜನ್ನು ನೆನಪಿಸಿಕೊಳ್ಳಿ, ಅದು ಮನಸ್ಸಿನಲ್ಲಿ ಎಷ್ಟು ಸ್ಪಷ್ಟವಾಗಿ, ಎಷ್ಟು ಬೆಳಕಿನಲ್ಲಿ, ಯಾವ ಬಣ್ಣದಲ್ಲಿ ಕಾಣುತ್ತದೆ ಎಂಬುದು ಅದರಲ್ಲಿದ್ದ ಪ್ರಶ್ನೆ. ಅವರು ಮೊದಲು ವಿಚಾರಿಸಿದ್ದು ವಿಜ್ಞಾನಿ ಮಿತ್ರರನ್ನು. ಅವರಲ್ಲಿ ಹಲವರು, ಮನಸ್ಸಿನೊಳಗೆ ಚಿತ್ರ ಕಾಣುವುದೆಂಬುದು ಕವಿಗಳ ಅಲಂಕಾರವಲ್ಲದೆ ಮತ್ತೇನೂ ಅಲ್ಲ ಎಂದು ವಾದಿಸಿದರಂತೆ.

ಆಮೇಲೆ ಬಹಳ ಕಾಲ ಈ ವಿಷಯವನ್ನು ಹೆಚ್ಚು ಜನ ಕೆದಕಲಿಲ್ಲ. 2010ರಲ್ಲಿ ನರವಿಜ್ಞಾನಿ ಆ್ಯಡಂ ಝೆಮನ್ ಮತ್ತು ಸಂಗಡಿಗರು, ಹೃದಯದ ರಕ್ತನಾಳದ ಚಿಕಿತ್ಸೆಯ ನಂತರ ಮನಸ್ಸಿನ ಚಿತ್ರಗಳನ್ನೆಲ್ಲ ಕಳೆದುಕೊಂಡ ನಿವೃತ್ತ ಸರ್ವೇಯರ್ ಒಬ್ಬರ ಬಗ್ಗೆ ಬರೆದರು. ಹುಲ್ಲು, ಪೈನ್ ಮರ ಇವೆರಡರಲ್ಲಿ ಯಾವುದರ ಹಸಿರು ಹೆಚ್ಚು ಗಾಢ ಎಂದು ಕೇಳಿದರೆ ಅವರು ತಡವರಿಸದೆ ಸರಿಯಾದ ಉತ್ತರ ಕೊಡುತ್ತಿದ್ದರು. ಆದರೆ ಹುಲ್ಲನ್ನಾಗಲೀ ಮರವನ್ನಾಗಲೀ ಕಂಡು ಹೇಳಿದ್ದಲ್ಲ, ಸುಮ್ಮನೆ ಗೊತ್ತಿತ್ತು, ಅಷ್ಟೇ. ಈ ವರದಿಯ ಬಗ್ಗೆ ಪತ್ರಿಕೆಯೊಂದರಲ್ಲಿ ಓದಿದ ಕೆಲವರು, ತಮಗೆ ಹುಟ್ಟಿನಿಂದಲೇ ಹೀಗೆ ಎಂದು ಝೆಮನ್ ಅವರನ್ನು ಸಂಪರ್ಕಿಸಿದರು. ಅಂಥ 21 ಮಂದಿಯನ್ನು ವಿಚಾರಿಸಿ 2015ರಲ್ಲಿ ಇದಕ್ಕೆ 'ಅಫ್ಯಾಂಟೇಸಿಯಾ' ಎಂದು ಹೆಸರಿಡಲಾಯಿತು. ಹೆಸರು ಕಾಯಿಲೆಯದರಂತೆ ಕೇಳಿಸಿದರೂ ಇದು ಕಾಯಿಲೆಯಲ್ಲ. ಆ 21 ಮಂದಿಯಲ್ಲಿ ಹೆಚ್ಚಿನವರಿಗೆ ಕನಸಿನಲ್ಲಿ ಚಿತ್ರಗಳು ಕಾಣಿಸುತ್ತಿದ್ದವು ಎಂಬುದು ನನಗೆ ಬಹಳ ಕುತೂಹಲ ಹುಟ್ಟಿಸಿದ ಸಂಗತಿ. ನಿಮಗೆ ಹೇಗೋ, ಬಿಡುವಾದಾಗ ತಿಳಿಸಿ.

ಇನ್ನು ಕಾಣುವವರಿಗೆ ಕಾಣುವುದಾದರೂ ಏನು? ನನ್ನನ್ನೇ ತೆಗೆದುಕೊಳ್ಳುತ್ತೇನೆ, ಏಕೆಂದರೆ ನಾನು ನಿಮ್ಮ ಮೊಮ್ಮಗಳ ಪಕ್ಷದವನು. ಯಾವ ಲೇಖಕರು ಯಾವ ಊರಿನ ಮನೆಯನ್ನು ವರ್ಣಿಸಿದರೂ ನನಗೆ ಕಾಣುವುದು ಬಾಲ್ಯದಲ್ಲಿ ಬೇಸಿಗೆ ರಜೆ ಕಳೆದ ಅಜ್ಜನ ಮನೆಯ ಜಗಲಿ. ಅಟ್ಟದ ಮೆಟ್ಟಿಲು ಎಡಕ್ಕಿದೆ ಎಂದು ಕಾದಂಬರಿಯಲ್ಲಿ ಸ್ಪಷ್ಟವಾಗಿ ಬರೆದಿದ್ದರೂ ನನ್ನ ಮನಸ್ಸಿನ ಮನೆಯಲ್ಲಿ ಅದು ಬಲಕ್ಕೇ ಇರುತ್ತದೆ. ಪಾತ್ರಗಳು ಸಂಕೋಚವಿಲ್ಲದೆ ಅದನ್ನೇ ಹತ್ತಿ ಇಳಿಯುತ್ತವೆ. ನಾಯಕಿಗೆ ಜಡೆಯಿದೆ, ನಡಿಗೆಯಿದೆ, ಮುಖವಿಲ್ಲ. ಅವಳ ಮೂಗು ಹೇಗಿತ್ತು ಎಂದು ಯಾರಾದರೂ ಕೇಳಿದರೆ ಆಗಷ್ಟೇ ಒಂದು ಮೂಗನ್ನು ಹೊಂದಿಸಿ ಹೇಳುತ್ತೇನೆಯೇ ಹೊರತು ಓದುವಾಗ ಕಂಡದ್ದನ್ನಲ್ಲ. ಹೀಗೆ ಲೇಖಕರು ಬರೆದದ್ದನ್ನು ಬಿಟ್ಟು ನನ್ನದನ್ನು ತುರುಕಿಕೊಂಡು ಓದುವ ನನಗಿಂತ, ಬರೆದದ್ದನ್ನು ಬರೆದಂತೆಯೇ ಹಿಡಿದಿಟ್ಟುಕೊಳ್ಳುವ ನೀವು ಲೇಖಕರಿಗೆ ಹೆಚ್ಚು ನಿಷ್ಠರಾದ ಓದುಗರಿರಬಹುದು.

ನಮ್ಮ ಕಾವ್ಯಮೀಮಾಂಸೆಯೂ ಕಣ್ಣಿಗೆ ಕೊಟ್ಟಿದ್ದು ಒಂದು ಸ್ಥಾನವನ್ನು, ಪೀಠವನ್ನಲ್ಲ. ಆಗಿಹೋದದ್ದೂ ಆಗಲಿರುವುದೂ ಎದುರಿಗೇ ಕಂಡಂತಾಗುವುದನ್ನು ಪ್ರಾಚೀನ ಸಂಸ್ಕೃತ ಆಲಂಕಾರಿಕ ಭಾಮಹ 'ಭಾವಿಕ' ಎಂದು ಕರೆದು ಅಲಂಕಾರಗಳ ಸಾಲಿನಲ್ಲಿಟ್ಟ. ಆದರೆ ಕಾವ್ಯದ ಸಾರವನ್ನು ಹೇಳಬೇಕಾಗಿ ಬಂದಾಗ ಆ ಪರಂಪರೆ ಆರಿಸಿಕೊಂಡ ಮಾತು 'ರಸ', ಅದು ನಾಲಿಗೆಗೆ ಸೇರಿದ್ದು. ಓದುಗನಿಗೆ ಕೊಟ್ಟ ಹೆಸರು 'ಸಹೃದಯ'. ನಿಮ್ಮ ಪತ್ರದಲ್ಲಿ ಒಂದು ಕಥೆಯ ತಾಯಿ ಮಗನಿಗೆ ಹೇಳದೆ ಉಳಿಸಿಕೊಂಡ ಮಾತು ಇಪ್ಪತ್ತು ವರ್ಷಗಳಾದರೂ ನಿಮ್ಮನ್ನು ಕಾಡುತ್ತಿದೆ ಎಂದು ಬರೆದಿದ್ದೀರಿ. ಆಡದ ಮಾತಿಗೆ ಚಿತ್ರವೆಲ್ಲಿಯದು?

ಹಾಗೆಂದು ವ್ಯತ್ಯಾಸವೇ ಇಲ್ಲವೆಂದು ನಿಮ್ಮನ್ನು ಸಮಾಧಾನಪಡಿಸಿದರೆ ಅದು ಸುಳ್ಳಾದೀತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಶಾರ್ಕ್ ಬೆನ್ನಟ್ಟಿ ಬರುವಂಥ ಭಯದ ಪ್ರಸಂಗಗಳನ್ನು ಕತ್ತಲ ಕೋಣೆಯಲ್ಲಿ ಓದಿಸಿ, ಬೆವರಿನಿಂದ ಚರ್ಮದಲ್ಲಾಗುವ ಬದಲಾವಣೆಯನ್ನು ಅಳೆದರು. ಚಿತ್ರ ಕಾಣುವವರಲ್ಲಿ ಅಳತೆ ಏರುತ್ತ ಹೋಯಿತು, ಕಾಣದವರಲ್ಲಿ ಹೆಚ್ಚುಕಡಿಮೆ ಅಲುಗಲೇ ಇಲ್ಲ. ಭಯಾನಕ ಛಾಯಾಚಿತ್ರಗಳನ್ನೇ ತೋರಿಸಿದಾಗ ಮಾತ್ರ ಇಬ್ಬರೂ ಒಂದೇ ಬಗೆಯಲ್ಲಿ ಬೆವರಿದರು. ಕಥೆ ಓದಿಸಿ ಹೋಲಿಸಿದ 2024ರ ಇನ್ನೊಂದು ಅಧ್ಯಯನದಲ್ಲೂ ಚಿತ್ರ ಕಾಣದವರು ಕಥೆಯೊಳಗೆ ಮುಳುಗುವುದು ಕಡಿಮೆಯೆಂದು ಕಂಡಿತು. ಆದರೆ ಕಥೆಯನ್ನು ಒಟ್ಟಾರೆ ಮೆಚ್ಚುವುದರಲ್ಲಿ ಅವರು ಹಿಂದೆ ಬೀಳಲಿಲ್ಲ. ಮೈ ನಡುಗಿಸುವ ಪತ್ತೇದಾರಿ ಕಥೆಗಳು ನಿಮಗೆಂದೂ ಹಿಡಿಸಲಿಲ್ಲವೆಂದು ಬರೆದಿರುವಿರಲ್ಲ, ಅದಕ್ಕೆ ಇದೂ ಒಂದು ಕಾರಣವಿದ್ದೀತು.

ತರಗತಿಯ ವಿಷಯದಲ್ಲಿ ನೀವು ನೊಂದುಕೊಳ್ಳುವ ಅಗತ್ಯವಿಲ್ಲ. ಬಹುಪಾಲು ಮಕ್ಕಳಿಗೆ ನಿಮ್ಮ ಮಾತು ಸರಿಯಾಗಿಯೇ ಹೊಂದಿರುತ್ತದೆ. ಕಣ್ಣು ಮುಚ್ಚಿ ಏನೂ ಕಾಣದೆ, ಪಕ್ಕದವಳು ನವಿಲು ಕಂಡೆನೆಂದಾಗ ತಾನೂ ಕಂಡೆನೆಂದು ಹೇಳಿದ ಮಗುವೊಂದು ಇದ್ದಿರಲೂಬಹುದು. ಈಗ ಪಾಠ ಮಾಡುತ್ತಿರುವವರು 'ಏನು ಕಾಣಿಸಿತು' ಎಂಬುದರ ಜೊತೆಗೆ 'ಏನು ಕೇಳಿಸಿತು, ಏನು ಅನ್ನಿಸಿತು' ಎಂದೂ ಕೇಳಿದರೆ ಆ ಮಗುವಿಗೂ ಉತ್ತರವಿರುತ್ತದೆ.

ಕೊನೆಯದಾಗಿ ಚಿತ್ರಗಳ ಪ್ರಶ್ನೆ. ಅವನ್ನು ಕಡಿಮೆ ಮಾಡಿದ್ದು ಖರ್ಚಿಗೆ ಹೆದರಿ ಅಲ್ಲ, ನನ್ನಂಥ ಓದುಗರ ತಕರಾರಿನಿಂದ. ಮಾಲ್ಗುಡಿಯ ಕಥೆಗಳನ್ನು ನಾನು ಮೊದಲು ಓದಿದಾಗ ಅದು ನನ್ನೂರೇ ಆಗಿತ್ತು. ಶಂಕರ್‌ನಾಗ್ ಅವರ ಧಾರಾವಾಹಿ ನೋಡಿದ ಮೇಲೆ ಅದು ಶಾಶ್ವತವಾಗಿ ನಿಮ್ಮ ನೆರೆಯ ಆಗುಂಬೆಯಾಯಿತು, ಅದರ ರೈಲು ನಿಲ್ದಾಣ ಅರಸಾಳುವಾಯಿತು. ಎಷ್ಟೇ ಚೆಂದದ ಧಾರಾವಾಹಿಯಾದರೂ ನನ್ನ ಮಾಲ್ಗುಡಿ ಮರಳಿ ಬರಲಿಲ್ಲ. ಮನುಷ್ಯ ಕೀಟವಾಗುವ ತನ್ನ ಕಥೆಯ ಪುಸ್ತಕದಲ್ಲಿ ಆ ಕೀಟವನ್ನು ದೂರದಿಂದ ಕೂಡ ತೋರಿಸಬಾರದೆಂದು ಕಾಫ್ಕಾ 1915ರಲ್ಲಿ ಪ್ರಕಾಶಕರಿಗೆ ಪತ್ರ ಬರೆದಿದ್ದ. ಮುಖಪುಟದಲ್ಲಿ ಅರೆ ತೆರೆದ ಬಾಗಿಲು, ಮುಖ ಮುಚ್ಚಿಕೊಂಡ ಒಬ್ಬ ವ್ಯಕ್ತಿ ಮಾತ್ರ ಬಂದರು. ಆದರೆ ನಿಮ್ಮಂಥವರಿಗೆ ಕಥೆಯ ಪಕ್ಕದ ಚಿತ್ರವೊಂದೇ ಕಾಣಸಿಗುವ ಚಿತ್ರ ಎಂಬುದು ನಮಗೆ ಹೊಳೆದಿರಲಿಲ್ಲ. ಮುಂದಿನ ಸಂಚಿಕೆಯಿಂದ ಪ್ರತಿ ಕಥೆಗೂ ಚಿತ್ರವಿರುತ್ತದೆ, ಕಥೆ ಮುಗಿದ ಮೇಲಿನ ಪುಟದಲ್ಲಿ. ಬೇಕಾದವರು ಮೊದಲು ಅದನ್ನು ತೆರೆದು ನೋಡಿ ಆಮೇಲೆ ಕಥೆಗೆ ಬರಬಹುದು.

— ಸಂಪಾದಕ