ತಲೆಬಿಸಿ ಆದರೆ ಹೊಟ್ಟೆ ಯಾಕೆ ಕೆಡುತ್ತದೆ?

ಪ್ರಶ್ನೆ: ನನಗೆ 43 ವರ್ಷ. ದಿನಾ ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ಗಂಡ ದುಬೈಯಲ್ಲಿ. ಅತ್ತೆ ಬಿದ್ದು ಸೊಂಟ ಮುರಿದುಕೊಂಡು ಏಪ್ರಿಲ್‌ನಿಂದ ಹಾಸಿಗೆಯಲ್ಲಿದ್ದಾರೆ. ಮಗಳು ಸೆಕೆಂಡ್ ಪಿಯು. ಬೆಳಿಗ್ಗೆ ಹೊರಡುವ ಮುಂಚೆ ಮೂರು ಸಲ ಟಾಯ್ಲೆಟ್‌ಗೆ ಓಡುತ್ತೇನೆ. ರಾತ್ರಿ 3 ಗಂಟೆಗೆ ಎಚ್ಚರವಾಗುತ್ತದೆ. ಜುಲೈಯಿಂದ ಕೂದಲು ಹಿಡಿ ಹಿಡಿಯಾಗಿ ಉದುರುತ್ತಿದೆ. ಕ್ಲಿನಿಕ್‌ನಲ್ಲಿ ಬಿಪಿ 150/94 ಬಂತು. ‘ಟೆನ್ಶನ್ ಅಷ್ಟೇ, ತಲೆಬಿಸಿ ಮಾಡ್ಬೇಡಿ’ ಅಂದರು. ಇದೆಲ್ಲ ನಿಜವಾದ ತೊಂದರೆಯಾ, ನನ್ನ ಭ್ರಮೆಯಾ?
— ಓದುಗರು, ಸಂತೆಕಟ್ಟೆ

ಉತ್ತರ: ಭ್ರಮೆ ಅಲ್ಲ. ‘ಟೆನ್ಶನ್ ಅಷ್ಟೇ’ ಅನ್ನುವಾಗ ಆ ‘ಅಷ್ಟೇ’ ನನಗೆ ಹಿಡಿಸುವುದಿಲ್ಲ. ನಮ್ಮ ಕಡೆ ತಲೆಬಿಸಿ ಅನ್ನುತ್ತೇವೆ, ತುಳುವಿನಲ್ಲಿ ಮಂಡೆಬೆಚ್ಚ. ಆದರೆ ಬಿಸಿ ತಲೆಯಲ್ಲಿ ಶುರುವಾದರೂ ಅಲ್ಲೇ ನಿಲ್ಲುವುದಿಲ್ಲ.

ನಿಮ್ಮ ಬಸ್ಸನ್ನೇ ತೆಗೆದುಕೊಳ್ಳಿ. ಪಡುಬಿದ್ರಿ ಹತ್ತಿರ ಡ್ರೈವರ್ ಒಂದು ಟ್ಯಾಂಕರ್ ಹಿಂದಿಕ್ಕಲು ಹೊರಟ. ಎದುರಿನಿಂದ ಲಾರಿ ಬಂತು. ನೀವು ‘ಅಯ್ಯೋ’ ಅನ್ನುವ ಮೊದಲೇ ಎದೆ ಡವಡವ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಕೈ ತಣ್ಣಗಾಗುತ್ತದೆ. ಕಿಡ್ನಿಯ ಮೇಲೆ ಟೊಪ್ಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿ ಅಡ್ರಿನಾಲಿನ್ ಬಿಟ್ಟಿರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಮೆದುಳಿನ ಆದೇಶದಂತೆ ಅದೇ ಗ್ರಂಥಿಯ ಹೊರಪದರದಿಂದ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ಬರುತ್ತದೆ. ಲಿವರ್ ರಕ್ತಕ್ಕೆ ಸಕ್ಕರೆ ಸುರಿಯುತ್ತದೆ. ಬಿಪಿ ಏರುತ್ತದೆ. ಊಟ ಅರಗಿಸುವಂಥ ಕೆಲಸ ಆಮೇಲೆ ನೋಡೋಣ ಎಂದು ಪಕ್ಕಕ್ಕೆ ಸರಿಯುತ್ತದೆ. ಹೊಡೆದಾಡು ಇಲ್ಲವೇ ಓಡು ಎನ್ನುವ ಈ ತಯಾರಿಯನ್ನು ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲೇ ವಿವರಿಸಿದ್ದರು.

ಲಾರಿ ದಾಟಿ ಹೋಗುತ್ತದೆ. ಕಾರ್ಟಿಸಾಲ್ ಸಾಕಷ್ಟಾದ ಕೂಡಲೇ ‘ಇನ್ನು ನಿಲ್ಲಿಸು’ ಎಂದು ಮೆದುಳಿಗೆ ಅದೇ ಹೇಳುತ್ತದೆ. ಮೂಲ್ಕಿ ಬರುವಷ್ಟರಲ್ಲಿ ಎದೆಬಡಿತ ಸರಿಯಾಗಿರುತ್ತದೆ. ಇದರಿಂದ ಏನೂ ಹಾನಿ ಇಲ್ಲ. ನಿಮ್ಮ ಕಷ್ಟ ಏನೆಂದರೆ, ಏಪ್ರಿಲ್‌ನಲ್ಲಿ ಎದುರು ಬಂದ ಲಾರಿ ಇನ್ನೂ ದಾಟಿ ಹೋಗಿಲ್ಲ.

ಹೊಟ್ಟೆಯ ವಿಷಯ. ಕರುಳಿಗೆ ತನ್ನದೇ ನರಗಳ ಜಾಲ ಇದೆ, ಅದರಲ್ಲಿ 10 ಕೋಟಿಗೂ ಜಾಸ್ತಿ ನರಕೋಶಗಳಿವೆ. ಒತ್ತಡ ಬಂದಾಗ ಜಠರ ನಿಧಾನವಾಗುತ್ತದೆ, ದೊಡ್ಡ ಕರುಳು ಮಾತ್ರ ಜೋರಾಗುತ್ತದೆ. ಬೆಳಿಗ್ಗೆಯೇ ಯಾಕೆ? ಕಾರ್ಟಿಸಾಲ್ ನಡುರಾತ್ರಿ ತೀರಾ ಕಡಿಮೆ ಇರುತ್ತದೆ, ಬೆಳಗಿನ ಜಾವದ ಹೊತ್ತಿಗೆ ಏರತೊಡಗುತ್ತದೆ, ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ತುದಿ ಮುಟ್ಟುತ್ತದೆ. ಅದರ ಜೊತೆಗೆ ಬಸ್ಸಿನಲ್ಲಿ ಟಾಯ್ಲೆಟ್ ಇಲ್ಲ, ನಡುವೆ ಅರ್ಜೆಂಟ್ ಆದರೆ ಎಂಬ ಭಯ ಬೇರೆ. ಆ ಭಯವೇ ಇನ್ನೊಂದು ಸಲ ಓಡಿಸುತ್ತದೆ, ಅಲ್ವಾ?

ಕೂದಲಿನ ಲೆಕ್ಕ ಇನ್ನೂ ಸ್ಪಷ್ಟ. ದೊಡ್ಡ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಎಷ್ಟೋ ಕೂದಲು ಒಟ್ಟಿಗೇ ವಿಶ್ರಾಂತಿಗೆ ಹೋಗುತ್ತವೆ. ಎರಡು ಮೂರು ತಿಂಗಳ ನಂತರ ಒಟ್ಟಿಗೇ ಉದುರುತ್ತವೆ. ಏಪ್ರಿಲ್‌ಗೆ ಮೂರು ಸೇರಿಸಿ, ಜುಲೈ. ಬುಡ ಸಾಯುವುದಿಲ್ಲ, ಸಾಮಾನ್ಯವಾಗಿ ಮತ್ತೆ ಬರುತ್ತದೆ. ಶಾಂಪೂ ಬದಲಿಸುತ್ತಾ ಕೂರಬೇಡಿ. ಆದರೆ ಥೈರಾಯ್ಡ್ ತೊಂದರೆ, ಕಬ್ಬಿಣದ ಕೊರತೆಯಲ್ಲೂ ಹೀಗೇ ಉದುರುತ್ತದೆ. ರಕ್ತದಲ್ಲಿ ಟಿಎಸ್‌ಎಚ್ (ಥೈರಾಯ್ಡ್‌ಗೆ), ಹಿಮೋಗ್ಲೋಬಿನ್, ಫೆರಿಟಿನ್ (ಕಬ್ಬಿಣದ ದಾಸ್ತಾನಿಗೆ) ಒಮ್ಮೆ ನೋಡಿಸಿ. ‘ಟೆನ್ಶನ್’ ಅನ್ನುವ ಹೆಸರು ಬಿದ್ದ ಮೇಲೆ ಯಾರೂ ಬೇರೆ ಕಾರಣ ಹುಡುಕುವುದಿಲ್ಲ, ಅದೇ ನನ್ನ ತಕರಾರು.

ಬಿಪಿಯನ್ನೂ ಒಂದೇ ಸಲ ನೋಡಿ ತೀರ್ಮಾನಿಸಬಾರದು. ಐದು ನಿಮಿಷ ಸುಮ್ನೆ ಕೂತು, ಬೆಳಿಗ್ಗೆ ಸಂಜೆ ಎರಡೆರಡು ಸಲ, ಒಂದು ವಾರ ಮನೆಯಲ್ಲೇ ನೋಡಿ ಬರೆದಿಡಿ. ಸರಾಸರಿ 135/85 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದು ಬಿಪಿಯೇ. ಕಾರಣ ಏನೇ ಇರಲಿ, ಚಿಕಿತ್ಸೆ ಬೇಕು. ಉಪ್ಪಿನಕಾಯಿ, ಒಣಮೀನು ಅಲ್ಲಿಯವರೆಗೆ ಸ್ವಲ್ಪ ದೂರ ಇರಲಿ.

ಇನ್ನು ಅತ್ತೆಯ ವಿಷಯ. 1995ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಮರೆವಿನ ಕಾಯಿಲೆಯ ಹಿರಿಯರನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರ ತೋಳಿನ ಮೇಲೆ 3.5 ಮಿಲಿಮೀಟರ್‌ನ ಸಣ್ಣ ಗಾಯ ಮಾಡಿ ನೋಡಿದರು. ಅದೇ ವಯಸ್ಸಿನ, ಆ ಹೊರೆ ಇಲ್ಲದ ಹೆಂಗಸರಿಗಿಂತ ಇವರ ಗಾಯ ಮಾಯಲು ಸರಾಸರಿ 9 ದಿನ ಜಾಸ್ತಿ ಬೇಕಾಯಿತು. ಅಧ್ಯಯನ ಚಿಕ್ಕದೇ. ಆದರೂ ಮಾತ್ರೆ ಬರೆಯುವ ಮೊದಲು ನಾನು ಕೇಳುವುದು ಇದನ್ನೇ: ವಾರಕ್ಕೆ ಎರಡು ರಾತ್ರಿ ಅತ್ತೆಯ ಹತ್ತಿರ ಮಲಗಲು ನಾದಿನಿ ಬರಬಹುದಾ? ಹೋಮ್‌ನರ್ಸ್ ಇಡಬಹುದಾ? ಗಂಡನಿಗೆ ಫೋನ್ ಮಾಡಿ ಇವತ್ತೇ ಮಾತಾಡಿ.

ಬಸ್ಸಿನಲ್ಲಿ ಸೀಟು ಸಿಕ್ಕರೆ ನಿಮಿಷಕ್ಕೆ ಆರೇ ಉಸಿರಿನ ಹಾಗೆ, ಹೊರಗೆ ಬಿಡುವುದನ್ನು ಉದ್ದ ಮಾಡಿ ಉಸಿರಾಡಿ. ಎದೆಬಡಿತ ಇಳಿಸುವ ವೇಗಸ್ ನರಕ್ಕೆ ಅದು ಸಹಾಯ. ಮಲದಲ್ಲಿ ರಕ್ತ, ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಇವುಗಳಲ್ಲಿ ಒಂದಿದ್ದರೂ ಕಾಯದೆ ಡಾಕ್ಟರಲ್ಲಿ ಹೋಗಿ. ಎದೆನೋವು ಬಂದರೆ ನೇರ ಆಸ್ಪತ್ರೆಗೆ. ಯಾರಲ್ಲಾದರೂ ಮನಸ್ಸು ಬಿಚ್ಚಿ ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಪ್ರಶ್ನೆ: ನನ್ನದು ಬೋಟ್ ಇದೆ. ಜೂನ್, ಜುಲೈ ಮೀನುಗಾರಿಕೆ ನಿಷೇಧದಲ್ಲಿ ಬೋಟ್ ಕಟ್ಟಿಹಾಕಿ ಸಾಲದ ಕಂತಿನದೇ ಚಿಂತೆ. ಆವಾಗಿನಿಂದ ಹೊಟ್ಟೆ ಉರಿ. ಟೆನ್ಶನ್‌ನಿಂದ ಅಲ್ಸರ್ ಆಗಿದೆ ಅನ್ನುತ್ತಾರೆ. ಸೊಂಟನೋವಿಗೆ ಆಗಾಗ ಮೆಡಿಕಲ್‌ನಿಂದ ಮಾತ್ರೆ ತರುತ್ತೇನೆ.
— ಓದುಗರು, ಮಲ್ಪೆ

ಉತ್ತರ: ಉತ್ತರ ನಿಮ್ಮ ಕೊನೆಯ ಸಾಲಿನಲ್ಲೇ ಇದೆ ಮಾರಾಯ್ರೇ. ಅಲ್ಸರ್‌ಗೆ ದೊಡ್ಡ ಕಾರಣಗಳು ಎರಡು: ನೋವಿನ ಮಾತ್ರೆ ಮತ್ತು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಬಹಳ ಕಾಲ ಡಾಕ್ಟರುಗಳೂ ಟೆನ್ಶನ್ನನ್ನೇ ಬೈಯುತ್ತಿದ್ದರು. ಆಸ್ಟ್ರೇಲಿಯಾದ ಡಾಕ್ಟರ್ ಬ್ಯಾರಿ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡರು. 2005ರಲ್ಲಿ ಅವರಿಗೂ ಜೊತೆಗಾರ ರಾಬಿನ್ ವಾರೆನ್‌ಗೂ ನೊಬೆಲ್ ಬಂತು. ಚಿಂತೆಯಿಂದ ಉರಿ ಜಾಸ್ತಿ ಅನಿಸಬಹುದು, ಊಟ ತಪ್ಪುತ್ತದೆ, ಬೀಡಿ ಸಿಗರೇಟು ಏರುತ್ತದೆ. ಆದರೆ ಚಿಂತೆ ಒಂದನ್ನೇ ಹೊಣೆ ಮಾಡಿದರೆ ಬ್ಯಾಕ್ಟೀರಿಯಾ ಹೊಟ್ಟೆಯಲ್ಲೇ ಉಳಿಯುತ್ತದೆ. ಆ ಮಾತ್ರೆ ನಿಲ್ಲಿಸಿ, ಪೈಲೋರಿ ಪರೀಕ್ಷೆ ಮಾಡಿಸಿ. ಇದ್ದರೆ ಸಾಮಾನ್ಯವಾಗಿ 14 ದಿನದ ಆ್ಯಂಟಿಬಯಾಟಿಕ್ ಕೋರ್ಸ್. ಮಲ ಡಾಂಬರಿನಂತೆ ಕಪ್ಪಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಇನ್‌ಸ್ಟಾಗ್ರಾಂ ನೋಡಿದ ಮೇಲೆ ನನ್ನ ಮುಖ ‘ಕಾರ್ಟಿಸಾಲ್ ಮುಖ’ ಅನಿಸುತ್ತಿದೆ. ಟೆಸ್ಟ್ ಮಾಡಿಸಲಾ? ಕಾರ್ಟಿಸಾಲ್ ಇಳಿಸುವ ಪುಡಿ ತಗೊಳ್ಳಲಾ?
— ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ಕಾರ್ಟಿಸಾಲ್ ಜಾಸ್ತಿಯಾಗಿ ಮುಖ ಊದಿದೆ ಅನ್ನುವುದಕ್ಕೆ ರೀಲ್‌ಗಳು ಇಟ್ಟ ಹೆಸರು ಅದು. ಆದರೆ ಪರೀಕ್ಷೆಯ ಟೆನ್ಶನ್‌ಗೆ ಮುಖ ಹಾಗೆ ಊದುವುದಿಲ್ಲ. ನಿದ್ದೆಗೆಟ್ಟು, ರಾತ್ರಿ 12ಕ್ಕೆ ಉಪ್ಪುಪ್ಪು ನೂಡಲ್ಸ್ ತಿಂದರೆ ಬೆಳಿಗ್ಗೆ ಸ್ವಲ್ಪ ಊದಬಹುದು. ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆಗಳಿದ್ದರೆ, ಕೂತಲ್ಲಿಂದ ಏಳಲು ತೊಡೆಯಲ್ಲಿ ಬಲ ಸಾಲದಿದ್ದರೆ ಕಾರ್ಟಿಸಾಲ್ ನಿಜಕ್ಕೂ ಜಾಸ್ತಿ ಇರಬಹುದು, ಆಗ ಟೆಸ್ಟ್ ಬೇಕು. ಮುಖ ಬೆಳ್ಳಗಾಗಲೆಂದು ಸ್ಟೀರಾಯ್ಡ್ ಕ್ರೀಮ್ (ಅದೂ ಕಾರ್ಟಿಸಾಲ್ ಜಾತಿಯದೇ) ಹಚ್ಚುತ್ತಿದ್ದೀರಾ ಎಂದೂ ನೋಡಿಕೊಳ್ಳಿ. ಪುಡಿ ಬೇಡ. ಅಂಥವುಗಳಲ್ಲಿ ಹೆಚ್ಚಾಗಿ ಇರುವ ಅಶ್ವಗಂಧದಿಂದ ಲಿವರ್‌ಗೆ ತೊಂದರೆಯಾದ ಪ್ರಕರಣಗಳು ವರದಿಯಾಗಿವೆ. ಈಗಾಗಲೇ ತಿನ್ನುತ್ತಿದ್ದರೆ ನಿಲ್ಲಿಸಿ, ಡಾಕ್ಟರಲ್ಲಿ ಹೋಗುವಾಗ ಡಬ್ಬ ಜೊತೆಗೇ ತೆಗೆದುಕೊಂಡು ಹೋಗಿ.